ಗ್ಯಾಸ್ ಮುಗಿಯುತ್ತ ಬಂದಾಗ ಪೇಂಟ್‌ಬಾಲ್ ಮಾರ್ಕರ್ ತಾನಾಗಿ ಹಾರಿಸುವುದೇಕೆ? ಒಳಗಿನ ಯಂತ್ರದ ಬಗ್ಗೆ ಮೂರು ಸಂದೇಹ

ತಿರುಪುಮೊಳೆ:

ಟಿಪ್‌ಮನ್ 98 ಜಾತಿಯ ಮಾರ್ಕರನ್ನು (ಬಣ್ಣದ ಬಾಲ್ ಹಾರಿಸುವ ಗ್ಯಾಸ್ ಬಂದೂಕು) ಬಿಚ್ಚಿ ಹರಡಿದರೆ ಸಿಗುವ ಸಾಮಾನು ಬಹಳವೇನಿಲ್ಲ. ಮುಂದಿನ ಬೋಲ್ಟ್, ಹಿಂದಿನ ಬೋಲ್ಟ್, ಎರಡನ್ನೂ ಸೇರಿಸುವ ಒಂದು ಕಡ್ಡಿ, ನಡುವೆ ವಾಲ್ವ್, ಹಿಂದೆ ಸ್ಪ್ರಿಂಗ್, ಕೆಳಗೆ ಸಿಯರ್, ಟ್ರಿಗರ್. ಹೆಸರೆಲ್ಲ ಗೊತ್ತು, ಕೆಲಸದ ಸರದಿ ಮಾತ್ರ ತಲೆಗೆ ಹತ್ತುತ್ತಿಲ್ಲ.

1) ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ನೂಕುತ್ತದೆ, ಸರಿ. ಮತ್ತೆ ಹಿಂದಕ್ಕೆ ತಂದು ನಿಲ್ಲಿಸುವುದು ಯಾವುದು?

2) ಟ್ಯಾಂಕ್ ಖಾಲಿಯಾಗುತ್ತ ಬಂದಾಗ ಟ್ರಿಗರ್ ಒಮ್ಮೆ ಒತ್ತಿದರೆ ಟಪಟಪ ಎಂದು ನಾಲ್ಕೈದು ಸಲ ಬಡಿದುಕೊಳ್ಳುತ್ತದೆ. ಗ್ಯಾಸ್ ಕಡಿಮೆಯಾದರೆ ಶಾಟ್ ಕಡಿಮೆಯಾಗಬೇಕು, ಹೆಚ್ಚುವುದು ಹೇಗೆ?

3) ಎಲೆಕ್ಟ್ರಾನಿಕ್ ಸ್ಪೂಲ್ ಮಾರ್ಕರ್‌ನಲ್ಲಿ ಹ್ಯಾಮರೇ ಇಲ್ಲವಂತೆ. ಹಾಗಾದರೆ ವಾಲ್ವಿಗೆ ಬಡಿಯುವುದು ಯಾರು?

ಬಲ್ಲವರು ಬಿಡಿಸಿ ಹೇಳಿ.

ಸಿಯರ್‌ಪಿನ್:

ಎರಡನೆಯ ಪ್ರಶ್ನೆಯ ಉತ್ತರ ಮೊದಲನೆಯದರ ಹೊಟ್ಟೆಯಲ್ಲೇ ಇದೆ. ಹಾಗಾಗಿ ಒಂದು ಶಾಟನ್ನು ನಿಧಾನವಾಗಿ ನೋಡಿ.

ಕಾಕ್ ಮಾಡಿದ (ಹಾರಿಸಲು ಸಿದ್ಧವಾಗಿಟ್ಟ) ಸ್ಥಿತಿಯಲ್ಲಿ ಹಿಂದಿನ ಬೋಲ್ಟನ್ನು ಸಿಯರ್‌ನ ಕೊಕ್ಕೆ ತಡೆದು ಹಿಡಿದಿರುತ್ತದೆ, ಅದರ ಬೆನ್ನಿಗೆ ಸ್ಪ್ರಿಂಗ್ ಅದುಮಿಕೊಂಡಿರುತ್ತದೆ. ಹ್ಯಾಮರ್ ಎಂದರೆ ಇದೇ ಹಿಂದಿನ ಬೋಲ್ಟ್. ಕಡ್ಡಿಯ ಮೂಲಕ ಜೋಡಿಸಿರುವುದರಿಂದ ಮುಂದಿನ ಬೋಲ್ಟ್ ಸಹ ಹಿಂದೆಯೇ ಇರುತ್ತದೆ, ಮೇಲಿನ ಬಾಲ್ ಡಬ್ಬಿಯಾದ ಹಾಪರ್‌ನಿಂದ ಬಿದ್ದ ಬಾಲ್ ಅದರ ಮುಂದೆ ಕೂತಿರುತ್ತದೆ. ಬಾಲ್ ತಾನಾಗಿ ಬ್ಯಾರೆಲ್‌ಗೆ ಉರುಳದಂತೆ ಒಂದು ಸಣ್ಣ ರಬ್ಬರ್ ಡಿಟೆಂಟ್ ತಡೆಯುತ್ತದೆ. ಇದು ಸವೆದರೆ ಒಂದರ ಹಿಂದೆ ಇನ್ನೊಂದು ಬಾಲ್ ನುಸುಳಿ, ಎರಡನೆಯದು ಬೋಲ್ಟಿಗೆ ಸಿಕ್ಕಿ ಒಡೆಯುತ್ತದೆ. ಬಾಲ್ ಒಡೆದರೆ ಎಲ್ಲರೂ ಮೊದಲು ಬಾಲ್ ಮೇಲೆ ತಪ್ಪು ಹೊರಿಸುತ್ತಾರೆ, ಡಿಟೆಂಟ್ ನೋಡುವವರು ಕಡಿಮೆ.

ಟ್ರಿಗರ್ ಒತ್ತಿದಾಗ ಸಿಯರ್ ಕೊಕ್ಕೆ ಕೆಳಗಿಳಿದು ಹ್ಯಾಮರ್ ಮುಂದಕ್ಕೆ ಚಿಮ್ಮುತ್ತದೆ. ಅದರ ಜೊತೆಗೇ ಮುಂದಿನ ಬೋಲ್ಟ್ ಬಾಲನ್ನು ಬ್ಯಾರೆಲ್‌ಗೆ ತಳ್ಳಿ ಹಾಪರ್‌ನ ದಾರಿಯನ್ನು ಮುಚ್ಚುತ್ತದೆ. ದಾರಿ ಮುಚ್ಚಿದ ಮೇಲಷ್ಟೇ ಹ್ಯಾಮರ್ ವಾಲ್ವಿನ ಪಿನ್ನಿಗೆ ಬಡಿಯುತ್ತದೆ. ವಾಲ್ವ್ ತೆರೆದಾಗ ಗ್ಯಾಸ್ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಮುಂದೆ ಹೋಗಿ ಬೋಲ್ಟಿನ ತೂತಿನ ಮೂಲಕ ಬಾಲನ್ನು ಹೊರಡಿಸುತ್ತದೆ. ಇನ್ನೊಂದು ಪಾಲು ಹಿಂದೆ ತಿರುಗಿ ಹ್ಯಾಮರ್‌ನ ಮುಖಕ್ಕೆ ಒತ್ತಿ, ಸ್ಪ್ರಿಂಗನ್ನು ಮತ್ತೆ ಅದುಮುತ್ತ ಅದನ್ನು ಸಿಯರ್ ದಾಟುವಷ್ಟು ಹಿಂದಕ್ಕೆ ಒಯ್ಯುತ್ತದೆ. ಮುಂದಕ್ಕೆ ಬರುವಾಗ ಸಿಯರ್ ಹಿಡಿದುಕೊಳ್ಳುತ್ತದೆ. ಬ್ಲೋಬ್ಯಾಕ್ ಎಂದರೆ ಇಷ್ಟೇ: ಬಾಲನ್ನು ಹಾರಿಸಿದ ಗ್ಯಾಸೇ ಮುಂದಿನ ಶಾಟಿಗೆ ಸಿದ್ಧತೆಯನ್ನೂ ಮಾಡಿ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಹೊತ್ತಿಗೆ ಬೆರಳು ಟ್ರಿಗರ್ ಮೇಲೇ ಇರುತ್ತದೆ. ಹಾಗಿದ್ದೂ ಸಿಯರ್ ಹೇಗೆ ಮೇಲೇಳುತ್ತದೆ? ಬಹುತೇಕ ಬ್ಲೋಬ್ಯಾಕ್‌ಗಳಲ್ಲಿ ಸಿಯರ್ ತಿರುಗುವ ಪಿನ್ನಿನ ತೂತು ದುಂಡಗಿರುವುದಿಲ್ಲ, ಉದ್ದವಾಗಿರುತ್ತದೆ. ಹ್ಯಾಮರ್ ಕೈಬಿಟ್ಟ ಕೂಡಲೇ ಸಿಯರ್ ತನ್ನ ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಜಾರಿ ಟ್ರಿಗರ್‌ನ ಹಿಡಿತದಿಂದ ತಪ್ಪಿಸಿಕೊಂಡು ಮೇಲೇಳುತ್ತದೆ. ಹ್ಯಾಮರ್ ಬಂದು ತಗುಲಿದಾಗ ಮುಂದಕ್ಕೆ ಸರಿಯುತ್ತದೆ. ಟ್ರಿಗರ್ ಬಿಟ್ಟ ಮೇಲೆ ಎರಡೂ ಮತ್ತೆ ಜೋಡಿಯಾಗುತ್ತವೆ. ಬೆರಳು ಒತ್ತಿಯೇ ಇಟ್ಟರೂ ಒಂದೇ ಶಾಟ್ ಬರುವುದು ಇದರಿಂದ.

ಈಗ ಎರಡನೆಯ ಪ್ರಶ್ನೆ. ಒತ್ತಡ ಇಳಿದಾಗ ಹಿಂದಕ್ಕೆ ತಳ್ಳುವ ಪಾಲೂ ದುರ್ಬಲವಾಗುತ್ತದೆ. ಹ್ಯಾಮರ್ ಹಿಂದೆ ಹೋಗುತ್ತದೆ, ಆದರೆ ಸಿಯರ್‌ವರೆಗೆ ತಲುಪುವುದಿಲ್ಲ. ಹಿಡಿಯುವವರಿಲ್ಲ, ಸ್ಪ್ರಿಂಗ್ ಮತ್ತೆ ಮುಂದಕ್ಕೆ ನೂಕುತ್ತದೆ, ಮತ್ತೆ ವಾಲ್ವಿಗೆ ಬಡಿತ, ಮತ್ತೆ ಅರ್ಧ ದಾರಿ. ಗ್ಯಾಸ್ ಪೂರ್ತಿ ತೀರುವತನಕ ಇದೇ ಓಟ. ನಿಲ್ಲಿಸಲು ಕಾಕಿಂಗ್ ಹಿಡಿಯನ್ನು ಕೈಯಿಂದ ಪೂರ್ತಿ ಹಿಂದಕ್ಕೆ ಎಳೆದು ಸಿಯರ್‌ಗೆ ಸಿಕ್ಕಿಸಿ, ಆಮೇಲೆ ಟ್ಯಾಂಕ್ ಬದಲಿಸಿ.

ತುಂಬಿದ ಟ್ಯಾಂಕಿನಲ್ಲೂ ಹೀಗಾದರೆ ಸಿಯರ್‌ನ ತುದಿ ದುಂಡಗಾಗಿದೆಯೇ, ಸಿಯರ್ ಸ್ಪ್ರಿಂಗ್ ಸೋತಿದೆಯೇ ನೋಡಿ. ಹಿಂದಿನ ಬೋಲ್ಟಿನ ಒ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಒಣಗಿದ್ದರೂ ಹರಿದಿದ್ದರೂ ಇದೇ ಲಕ್ಷಣ: ಗ್ಯಾಸ್ ಪಕ್ಕದಿಂದ ಸೋರಿ ತಳ್ಳುವ ಬಲ ಹೋಗುತ್ತದೆ. ಮೊದಲು ನಾಲ್ಕು ಹನಿ ಮಾರ್ಕರ್ ಎಣ್ಣೆ ಹಾಕಿ ನೋಡುವುದು ಅಗ್ಗದ ಪರೀಕ್ಷೆ. ಹೆಚ್ಚು ವೇಗ ಬೇಕೆಂದು ಯಾರಾದರೂ ಗಟ್ಟಿ ಸ್ಪ್ರಿಂಗ್ ಹಾಕಿಟ್ಟಿದ್ದರೆ ಅದನ್ನು ಅದುಮಲು ಗ್ಯಾಸಿಗೆ ಆಗದಿರಬಹುದು.

ಹಿಮಟ್ಯಾಂಕ್:

ಮೇಲಿನದಕ್ಕೆ ಒಂದು ಸೇರ್ಪಡೆ. ಸಿಒ2 ಬಳಸುವವರಿಗೆ ‘ಟ್ಯಾಂಕ್ ಖಾಲಿ’ ಮತ್ತು ‘ಟ್ಯಾಂಕ್ ತಣ್ಣಗಾಗಿದೆ’ ಎರಡೂ ಒಂದೇ ಥರ ಕಾಣುತ್ತವೆ. ಟ್ಯಾಂಕಿನಲ್ಲಿ ಇರುವುದು ದ್ರವ, ಅದರ ಮೇಲೆ ಆವಿ. ಒತ್ತಡವನ್ನು ನಿರ್ಧರಿಸುವುದು ಉಳಿದಿರುವ ದ್ರವದ ಪ್ರಮಾಣವಲ್ಲ, ಉಷ್ಣಾಂಶ. 20 ಡಿಗ್ರಿಯಲ್ಲಿ ಸುಮಾರು 830 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 30ರಲ್ಲಿ 1045ರ ಆಸುಪಾಸು, 0 ಡಿಗ್ರಿಯಲ್ಲಿ 505. ಬಿಡದೆ ಹಾರಿಸುತ್ತ ಹೋದರೆ ದ್ರವ ಆವಿಯಾಗುತ್ತ ತನ್ನ ಶಾಖವನ್ನೇ ಕಳೆದುಕೊಳ್ಳುತ್ತದೆ, ಟ್ಯಾಂಕಿನ ಹೊರಮೈ ಬೆವರುತ್ತದೆ, ಒತ್ತಡ ಜಾರುತ್ತದೆ, ಟಪಟಪ ಶುರು. ಐದು ನಿಮಿಷ ಬಿಟ್ಟರೆ ತಾನಾಗಿ ಸರಿಹೋಗುವುದಾದರೆ ದೋಷ ಮಾರ್ಕರ್‌ದಲ್ಲ.

ಇದರ ಉಲ್ಟಾ ಅಪಾಯವೂ ಇದೆ. ಮಾರ್ಕರನ್ನು ಮೂತಿ ಕೆಳಗೆ ಮಾಡಿ ಹಿಡಿದರೆ ಹಿಂದಿನ ಟ್ಯಾಂಕ್ ಮೇಲಾಗಿ ದ್ರವವೇ ವಾಲ್ವಿಗೆ ಹರಿಯುತ್ತದೆ. ಅದು ಒಳಗೆ ಒಮ್ಮೆಗೇ ಆವಿಯಾಗಿ ಉಬ್ಬಿದಾಗ ಬಾಲಿನ ವೇಗ ಮಿತಿ ಮೀರುತ್ತದೆ, ಬ್ಯಾರೆಲ್‌ನಿಂದ ಬಿಳಿ ಮಂಜು ಹೊರಬರುತ್ತದೆ, ಒ-ರಿಂಗುಗಳು ಹೆಪ್ಪುಗಟ್ಟಿ ಬಿರುಕು ಬಿಡುತ್ತವೆ. ಟ್ಯಾಂಕಿನೊಳಗೆ ಬಾಗಿದ ಆಂಟಿ-ಸೈಫನ್ ಕೊಳವೆ ಇದ್ದರೆ ಇದು ತಪ್ಪುತ್ತದೆ, ಆದರೆ ಆ ಕೊಳವೆಯ ಬಾಯಿ ಮಾರ್ಕರ್‌ಗೆ ಸರಿಯಾಗಿ ಮೇಲ್ಮುಖವಾಗಿ ಕೂತಿರಬೇಕು. ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಇರುವ ಮಾರ್ಕರ್‌ಗಳಿಗೆ ಸಿಒ2 ಹಾಕಲೇಬೇಡಿ, ದ್ರವ ತಗುಲಿದರೆ ಒಳಗಿನ ಸೂಕ್ಷ್ಮ ಸೀಲುಗಳು ಹಾಳು. ಅವಕ್ಕೆ ಸಂಕುಚಿತ ಗಾಳಿಯೇ ಸರಿ: 3000 ಅಥವಾ 4500 ಪಿಎಸ್‌ಐಗೆ ತುಂಬಿದ ಸಿಲಿಂಡರ್, ಅದರ ತಲೆಯ ಮೇಲಿನ ರೆಗ್ಯುಲೇಟರ್ ಒತ್ತಡವನ್ನು ಇಳಿಸಿ ಹೊರಗೆ ಬಿಡುವುದು ಸಾಮಾನ್ಯವಾಗಿ 800ರ ಸುತ್ತ. ಸಿಲಿಂಡರ್ ಅರ್ಧವಾದರೂ ಮಾರ್ಕರ್‌ಗೆ ಸಿಗುವ ಒತ್ತಡ ಬದಲಾಗುವುದಿಲ್ಲ.

ತಿರುಪುಮೊಳೆ:

ಸಿಯರ್‌ನ ಉದ್ದ ತೂತನ್ನು ತಯಾರಿಕೆಯ ಲೋಪ ಎಂದುಕೊಂಡಿದ್ದೆ! ಇನ್ನೊಂದು ಸಂದೇಹ: ವೇಗ ಹೆಚ್ಚಿಸಬೇಕೆಂದರೆ ಒತ್ತಡ ಹೆಚ್ಚಿಸಿದರೆ ಸಾಕಲ್ಲವೇ? ಕೆಲವು ಕಡೆ ‘ಒತ್ತಡ ಹೆಚ್ಚಿಸಿದೆ, ವೇಗ ಇಳಿಯಿತು’ ಎಂದು ಬರೆದಿರುವುದನ್ನು ಓದಿದೆ. ಅದು ಹೇಗೆ?

ಕಾಕರ್‌ಪ್ರಿಯ:

ಬರೆದವರು ಸರಿಯಾಗೇ ಬರೆದಿದ್ದಾರೆ. ಹ್ಯಾಮರ್ ಬಡಿದು ತೆರೆಯುವ ವಾಲ್ವನ್ನು ಪಾಪೆಟ್ ಎನ್ನುತ್ತೇವೆ. ಅದನ್ನು ಮುಚ್ಚಿ ಹಿಡಿದಿರುವುದು ಬರೀ ವಾಲ್ವ್ ಸ್ಪ್ರಿಂಗ್ ಅಲ್ಲ, ಹಿಂದಿನಿಂದ ಒತ್ತುವ ಗಾಳಿಯೂ ಹೌದು. ಒತ್ತಡ ಏರಿದಂತೆ ಬಾಗಿಲು ತೆರೆಯುವುದು ಕಷ್ಟ, ತೆರೆದದ್ದು ಬೇಗ ಮುಚ್ಚಿಕೊಳ್ಳುತ್ತದೆ. ಬಾಲಿಗೆ ಸಿಗುವ ಶಕ್ತಿ ಎರಡರ ಮೇಲೆ ನಿಂತಿದೆ: ಗಾಳಿ ಎಷ್ಟು ಬಿಗಿಯಾಗಿದೆ, ಬಾಗಿಲು ಎಷ್ಟು ಹೊತ್ತು ತೆರೆದಿದೆ. ಒಂದು ಹಂತದವರೆಗೆ ಒತ್ತಡ ಹೆಚ್ಚಿಸಿದರೆ ವೇಗ ಏರುತ್ತದೆ. ಆ ನೆತ್ತಿ ದಾಟಿದ ಮೇಲೆ ಹ್ಯಾಮರ್‌ಗೆ ವಾಲ್ವನ್ನು ಸಾಕಷ್ಟು ಸರಿಸಲು ಆಗದೆ ವೇಗ ಇಳಿಯುತ್ತದೆ. ಇನ್ನೂ ಏರಿಸಿದರೆ ಬಡಿತದ ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ.

ಆಟೊಕಾಕರ್‌ನಂಥ, ರೆಗ್ಯುಲೇಟರ್ ಇರುವ ಮಾರ್ಕರ್‌ನಲ್ಲಿ ಈ ನೆತ್ತಿಯನ್ನು ಹುಡುಕುವ ಕ್ರಮ ಹೀಗೆ. ಹ್ಯಾಮರ್ ಸ್ಪ್ರಿಂಗಿನ ಬಿಗಿಯನ್ನು ಮಧ್ಯಮಕ್ಕೆ ಇಡಿ. ರೆಗ್ಯುಲೇಟರನ್ನು ಕೆಳಗಿನಿಂದ ಶುರುಮಾಡಿ ಕಾಲು ಸುತ್ತು ಏರಿಸುತ್ತ, ಪ್ರತಿ ಸಲ ನಾಲ್ಕೈದು ಬಾಲ್ ಕ್ರೋನೋಗ್ರಾಫ್ (ಬಾಲಿನ ವೇಗ ಅಳೆಯುವ ಸಾಧನ) ಮೇಲೆ ಹಾರಿಸಿ. ಅಂಕಿ ಏರುವುದು ನಿಂತು ಇಳಿಯತೊಡಗಿದ ಜಾಗದಿಂದ ಕಾಲು ಸುತ್ತು ಹಿಂದೆ ಬನ್ನಿ. ಅಲ್ಲಿ ವೇಗ ಮಿತಿ ದಾಟಿದ್ದರೆ ಸ್ಪ್ರಿಂಗ್ ಸಡಿಲಿಸಿ, ಕಡಿಮೆಯಿದ್ದರೆ ಬಿಗಿಮಾಡಿ. ಸ್ಪ್ರಿಂಗ್ ಬದಲಿಸಿದರೆ ನೆತ್ತಿಯೂ ಸರಿಯುತ್ತದೆ, ಆದ್ದರಿಂದ ಇನ್ನೊಂದು ಸುತ್ತು ನೋಡಬೇಕು. ಬಹುತೇಕ ಮೈದಾನಗಳ ಮೇಲ್ಮಿತಿ ಸೆಕೆಂಡಿಗೆ 300 ಅಡಿ, ಹಲವೆಡೆ 280. .68 ಕ್ಯಾಲಿಬರ್‌ನ ಸುಮಾರು 3 ಗ್ರಾಂ ಬಾಲ್ 300 ಅಡಿ ವೇಗದಲ್ಲಿ ಹನ್ನೆರಡೂವರೆ ಜೂಲ್ ಶಕ್ತಿ ಹೊತ್ತಿರುತ್ತದೆ. ವೇಗ ಹತ್ತಕ್ಕೆ ಒಂದು ಪಾಲು ಏರಿದರೆ ಶಕ್ತಿ ಐದಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚೇ ಏರುತ್ತದೆ. ಮಿತಿ ಮೀರಬಾರದೆಂದು ಬಡಿದುಕೊಳ್ಳುವುದು ಇದಕ್ಕೇ.

ವೇಗದ ತಿರುಪು ಎಲ್ಲ ಮಾರ್ಕರ್‌ನಲ್ಲೂ ಒಂದೇ ಕೆಲಸ ಮಾಡುವುದಿಲ್ಲ ಎನ್ನುವುದನ್ನೂ ಗಮನಿಸಿ. ಟಿಪ್‌ಮನ್ 98ರಲ್ಲಿ ಪಕ್ಕದ ತಿರುಪು ಗ್ಯಾಸಿನ ದಾರಿಗೆ ಅಡ್ಡ ಬರುತ್ತದೆ, ಒಳಕ್ಕೆ ತಿರುಗಿಸಿದರೆ ವೇಗ ಇಳಿಯುತ್ತದೆ. ಸ್ಪೈಡರ್ ಥರದವುಗಳಲ್ಲಿ ಹಿಂದಿನ ತಿರುಪು ಹ್ಯಾಮರ್ ಸ್ಪ್ರಿಂಗನ್ನು ಅದುಮುತ್ತದೆ, ಒಳಕ್ಕೆ ತಿರುಗಿಸಿದರೆ ವೇಗ ಏರುತ್ತದೆ. ಒಂದರ ಅಭ್ಯಾಸ ಇನ್ನೊಂದಕ್ಕೆ ಹಚ್ಚಿದರೆ ಎಡವಟ್ಟು.

ಆಟೊಕಾಕರ್ ಎಂದೆನಲ್ಲ, ಅದರ ಮಾತೂ ಹೇಳಿಬಿಡುತ್ತೇನೆ, ಏಕೆಂದರೆ ‘ಹಿಂದಕ್ಕೆ ತರುವುದು ಯಾರು’ ಎಂಬ ನಿಮ್ಮ ಪ್ರಶ್ನೆಗೆ ಅಲ್ಲಿ ಬೇರೆಯೇ ಉತ್ತರ. ಅದು ಕ್ಲೋಸ್ಡ್ ಬೋಲ್ಟ್, ಅಂದರೆ ಟ್ರಿಗರ್ ಮುಟ್ಟುವ ಮೊದಲೇ ಬೋಲ್ಟ್ ಮುಂದಿದ್ದು ಬಾಲ್ ಬ್ಯಾರೆಲ್‌ನೊಳಗೆ ಕೂತಿರುತ್ತದೆ. ಟ್ರಿಗರ್‌ನ ಮೊದಲ ಭಾಗಕ್ಕೆ ಹ್ಯಾಮರ್ ಬಿದ್ದು ಬಾಲ್ ಹೋಗುತ್ತದೆ. ಅದೇ ಎಳೆತ ಮುಂದುವರಿದಾಗ 3-ವೇ ಎಂಬ ಪುಟ್ಟ ವಾಲ್ವ್ ಸರಿದು, ಕಡಿಮೆ ಒತ್ತಡದ ಗಾಳಿ ಮುಂದಿನ ರ‍್ಯಾಮ್‌ಗೆ (ಗಾಳಿಯಿಂದ ಓಡುವ ಪಿಸ್ಟನ್) ಹರಿಯುತ್ತದೆ. ರ‍್ಯಾಮ್ ಹಿಂದಿನ ಬ್ಲಾಕನ್ನು ತಳ್ಳಿ ಬೋಲ್ಟನ್ನು ತೆರೆಯುತ್ತದೆ, ಹ್ಯಾಮರನ್ನು ಕಾಕ್ ಮಾಡುತ್ತದೆ. ಟ್ರಿಗರ್ ಬಿಟ್ಟಾಗ ರ‍್ಯಾಮ್ ವಾಪಸು ಬಂದು ಬೋಲ್ಟ್ ಮುಚ್ಚುತ್ತದೆ. ಇದರ ಬದುಕೆಲ್ಲ ಟೈಮಿಂಗ್ ಮೇಲೆ. 3-ವೇ ಬೇಗ ಸರಿದರೆ ಬಾಲ್ ಬ್ಯಾರೆಲ್ ಬಿಡುವ ಮೊದಲೇ ಬೋಲ್ಟ್ ತೆರೆದು ಗಾಳಿ ಹಾಪರ್‌ಗೆ ನುಗ್ಗಿ ಬಾಲುಗಳು ಮೇಲೆ ಚಿಮ್ಮುತ್ತವೆ. ತಡವಾದರೆ ಕಾಕ್ ಆಗುವುದಿಲ್ಲ. ಟ್ರಿಗರನ್ನು ಪೂರ್ತಿ ಎಳೆಯದೆ ಅವಸರದಲ್ಲಿ ಬಿಟ್ಟರೆ ಬಾಲ್ ಅರ್ಧ ಇಳಿದಿರುವಾಗಲೇ ಬೋಲ್ಟ್ ಮುಚ್ಚಿ ಕತ್ತರಿಸುತ್ತದೆ. ರ‍್ಯಾಮ್‌ಗೆ ಗಾಳಿ ಕೊಡುವ ಸಣ್ಣ ರೆಗ್ಯುಲೇಟರಿನ ಒತ್ತಡ ಬೇಕಿದ್ದಕ್ಕಿಂತ ಹೆಚ್ಚಿಟ್ಟರೂ ಇದೇ ಗತಿ, ರ‍್ಯಾಮ್ ಗುದ್ದುವ ರಭಸಕ್ಕೆ ಬಾಲ್ ಪುಡಿ. ತೊಡಕಿಲ್ಲದೆ ಕಾಕ್ ಆಗುವ ಅತಿ ಕಡಿಮೆ ಒತ್ತಡ ಕಂಡುಹಿಡಿದು, ಅದರ ಮೇಲೆ ಸ್ವಲ್ಪವೇ ಸ್ವಲ್ಪ ಏರಿಸಿ ಬಿಡಿ.

ಕ್ಲೋಸ್ಡ್ ಬೋಲ್ಟ್ ಎಂದರೆ ಗುರಿ ಚೆನ್ನಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಲಿನ ಗುಣ, ಅದರ ಅಳತೆಗೆ ಬ್ಯಾರೆಲ್ ಹೊಂದುವುದು, ಒಂದೊಂದು ಶಾಟಿನ ವೇಗ ಒಂದೇ ಇರುವುದು: ಗುರಿ ನಿಲ್ಲುವುದು ಈ ಮೂರರಲ್ಲಿ.

ಡ್ವೆಲ್12:

ಮೂರನೆಯ ಪ್ರಶ್ನೆ ಹಾಗೇ ಉಳಿದಿದೆ. ಸ್ಪೂಲ್‌ನಲ್ಲಿ ಬಡಿಯುವವರೇ ಬೇಕಿಲ್ಲ, ಏಕೆಂದರೆ ಅಲ್ಲಿ ಬೋಲ್ಟೇ ವಾಲ್ವ್.

ಬೋಲ್ಟಿನ ಹಿಂದೆ ಅಥವಾ ಸುತ್ತ ಒಂದು ಡಂಪ್ ಚೇಂಬರ್ ಇರುತ್ತದೆ, ಒಂದು ಶಾಟಿಗೆ ಬೇಕಾದ ಗಾಳಿ ಅದರಲ್ಲಿ ತುಂಬಿರುತ್ತದೆ. ಬೋಲ್ಟಿನ ಮೈಮೇಲಿನ ಒ-ರಿಂಗ್ ಆ ಚೇಂಬರಿನ ಬಾಯಿಯನ್ನು ಮುಚ್ಚಿದೆ. ಐಯಾನ್ ಮಾದರಿಯನ್ನು ತೆಗೆದುಕೊಳ್ಳಿ. ಸುಮ್ಮನಿರುವಾಗ ಸೊಲೆನಾಯ್ಡ್ ಬೋಲ್ಟಿನ ಮುಂಭಾಗದ ಅಗಲವಾದ ಪಟ್ಟಿಗೂ ಗಾಳಿ ಕೊಡುತ್ತಿರುತ್ತದೆ. ಹಿಂದೆ ಮುಂದೆ ಒತ್ತಡ ಒಂದೇ, ಆದರೆ ಮುಂದಿನ ಮೇಲ್ಮೈ ದೊಡ್ಡದು, ಹಾಗಾಗಿ ಬೋಲ್ಟ್ ಹಿಂದೆಯೇ ನಿಲ್ಲುತ್ತದೆ. ಟ್ರಿಗರ್ ಒತ್ತಿದಾಗ ಒಳಗಿನ ಸರ್ಕ್ಯೂಟ್ ಬೋರ್ಡ್ ಸೊಲೆನಾಯ್ಡ್‌ಗೆ ಕರೆಂಟ್ ಕೊಡುತ್ತದೆ, ಮುಂದಿನ ಗಾಳಿ ಹೊರಗೆ ಹೋಗುತ್ತದೆ. ಈಗ ಹಿಂದಿನ ಗಾಳಿಗೆ ಎದುರಾಳಿಯಿಲ್ಲ, ಬೋಲ್ಟನ್ನು ಮುಂದಕ್ಕೆ ನೂಕುತ್ತದೆ. ಬೋಲ್ಟ್ ಬಾಲನ್ನು ಒಳಗೆ ತಳ್ಳಿ ಕೊನೆಯ ಕೆಲವು ಮಿಲಿಮೀಟರ್‌ಗೆ ಬಂದಾಗ ಒ-ರಿಂಗ್ ತನ್ನ ಜಾಗ ಬಿಡುತ್ತದೆ, ಚೇಂಬರಿನ ಗಾಳಿಯೆಲ್ಲ ಬೋಲ್ಟಿನ ಮೂಲಕ ಬಾಲಿನ ಬೆನ್ನಿಗೆ. ಕರೆಂಟ್ ನಿಂತಾಗ ಮುಂದಿನ ಗಾಳಿ ಮರಳಿ ತುಂಬಿ ಬೋಲ್ಟನ್ನು ಹಿಂದಕ್ಕೆ ಒಯ್ಯುತ್ತದೆ. ಬೇರೆ ಮಾದರಿಗಳಲ್ಲಿ ಬೋಲ್ಟಿನ ಎರಡೂ ಬದಿಗೆ ಸೊಲೆನಾಯ್ಡೇ ಸರದಿಯಂತೆ ಗಾಳಿ ಕೊಡುತ್ತದೆ. ಗಾಳಿಗೆ ಗಾಳಿಯನ್ನೇ ಎದುರು ನಿಲ್ಲಿಸುವ ತತ್ವ ಬದಲಾಗುವುದಿಲ್ಲ.

ಎಲೆಕ್ಟ್ರಾನಿಕ್ ಎಂದ ಮಾತ್ರಕ್ಕೆ ಸ್ಪೂಲ್ ಎಂದುಕೊಳ್ಳಬೇಡಿ. ಈಗೋ ಥರದವು ಎಲೆಕ್ಟ್ರಾನಿಕ್ ಪಾಪೆಟ್. ಅಲ್ಲಿ ಸೊಲೆನಾಯ್ಡ್ ಒಂದು ರ‍್ಯಾಮನ್ನು ಓಡಿಸುತ್ತದೆ, ಆ ರ‍್ಯಾಮ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಸದ್ದು ಮತ್ತು ಕೈಗೆ ಬರುವ ಒದೆತ ತುಸು ಜಾಸ್ತಿ, ಗಾಳಿಯ ಉಳಿತಾಯ ಸಾಮಾನ್ಯವಾಗಿ ಮೇಲು. ಸ್ಪೂಲ್ ಮೃದು, ಆದರೆ ಗ್ರೀಸ್ ಮತ್ತು ಒ-ರಿಂಗುಗಳ ಆರೈಕೆ ಬೇಡುತ್ತದೆ.

ಇಲ್ಲಿ ಜನ ಎಡವುವುದು ಡ್ವೆಲ್‌ನಲ್ಲಿ. ಸೊಲೆನಾಯ್ಡ್‌ಗೆ ಕರೆಂಟ್ ಎಷ್ಟು ಮಿಲಿಸೆಕೆಂಡ್ ಹೋಗುತ್ತದೆ ಎನ್ನುವುದೇ ಡ್ವೆಲ್. ಕಡಿಮೆಯಾದರೆ ಬೋಲ್ಟ್ ಪೂರ್ತಿ ಮುಂದೆ ಹೋಗುವ ಮೊದಲೇ ವಾಪಸು, ಚೇಂಬರ್ ಅರ್ಧ ಖಾಲಿ, ವೇಗ ಒಂದೊಂದು ಶಾಟಿಗೆ ಒಂದೊಂದು. ಹೆಚ್ಚಾದರೆ ಗಾಳಿ ದಂಡ. ಹೊಂದಿಸುವ ಬಗೆ: ಕೈಪಿಡಿಯಲ್ಲಿ ಕೊಟ್ಟ ಅಂಕಿಯಿಂದ ಶುರುಮಾಡಿ, 1 ಮಿಲಿಸೆಕೆಂಡ್‌ನಂತೆ ಇಳಿಸುತ್ತ ಕ್ರೋನೋಗ್ರಾಫ್ ನೋಡಿ. ವೇಗ ಥಟ್ಟನೆ ಬಿದ್ದ ಅಂಕಿಗೆ 1 ಅಥವಾ 2 ಸೇರಿಸಿ ಅಲ್ಲೇ ಬಿಡಿ. ವೇಗವನ್ನು ರೆಗ್ಯುಲೇಟರಿನಿಂದಷ್ಟೇ ಹೊಂದಿಸಿ, ಡ್ವೆಲ್‌ನಿಂದ ವೇಗ ಏರಿಸಲು ಹೋಗಬೇಡಿ.

ಮೊದಲ ಶಾಟಿನ ತಕರಾರು ಎರಡು ಬಗೆ, ಇವನ್ನು ಬೆರೆಸಬೇಡಿ. ಕೆಲವು ನಿಮಿಷ ಸುಮ್ಮನಿಟ್ಟ ಮೇಲೆ ಮೊದಲ ಬಾಲ್ *ನಿಧಾನ* ಹೋದರೆ ಒ-ರಿಂಗ್ ಅಂಟಿಕೊಂಡಿದೆ. ಗ್ರೀಸ್ ಬದಲಿಸಿ, ಬೋರ್ಡಿನಲ್ಲಿ ಮೊದಲ ಶಾಟಿಗೆ ಮಾತ್ರ ಡ್ವೆಲ್ ಹೆಚ್ಚಿಸುವ ಆಯ್ಕೆ ಇದ್ದರೆ ಬಳಸಿ. ಮೊದಲ ಬಾಲ್ *ಜೋರಾಗಿ* ಹೋದರೆ ರೆಗ್ಯುಲೇಟರಿನ ಸೀಟ್ (ಗಾಳಿಯನ್ನು ತಡೆಯುವ ಒಳಗಿನ ಸೀಲು) ಸವೆದು ಒತ್ತಡ ನಿಧಾನವಾಗಿ ತೆವಳುತ್ತ ಏರುತ್ತಿದೆ. ಎರಡು ಶಾಟ್ ಹಾರಿಸಿ ಗೇಜ್ ಮುಳ್ಳನ್ನು ಒಂದು ನಿಮಿಷ ದಿಟ್ಟಿಸಿ, ನಿಂತಲ್ಲಿ ನಿಲ್ಲದೆ ಮೇಲೆ ಸರಿದರೆ ಸೀಟ್ ಬದಲಿಸಲೇಬೇಕು. ಇದು ಬರೀ ತೊಂದರೆಯಲ್ಲ, ಮಿತಿ ಮೀರಿದ ಬಾಲ್ ಯಾರದೋ ಮೈಗೆ ಬೀಳುತ್ತದೆ.

ಕಾಕರ್‌ಪ್ರಿಯ:

ಪೂರ್ತಿ ಮೆಕ್ಯಾನಿಕಲ್ ಆಗಿದ್ದೂ ಹ್ಯಾಮರ್ ಇಲ್ಲದ್ದು ಇದೆ: ಆಟೊಮ್ಯಾಗ್. ಅಲ್ಲಿ ಬೋಲ್ಟನ್ನು ಮುಂದೆ ತಳ್ಳುವುದು ಚೇಂಬರಿನ ಗಾಳಿ, ಹಿಂದೆ ತರುವುದು ಸ್ಪ್ರಿಂಗ್, ಬ್ಲೋಬ್ಯಾಕ್‌ಗೆ ತೀರಾ ಉಲ್ಟಾ. ಟ್ರಿಗರ್ ಎಳೆದಾಗ ಸಿಯರ್ ಮೊದಲು ಆನ್-ಆಫ್ ಪಿನ್ನನ್ನು ಒತ್ತಿ ಚೇಂಬರಿಗೆ ಬರುವ ಗಾಳಿಯನ್ನು ನಿಲ್ಲಿಸುತ್ತದೆ, ಆಮೇಲೆ ಬೋಲ್ಟನ್ನು ಬಿಡುತ್ತದೆ. ಸ್ಪೂಲ್ ಅರ್ಥವಾಗದವರು ಇದರ ಒಳನೋಟದ ಚಿತ್ರ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ತಿರುಪುಮೊಳೆ:

ಈಗ ಸರದಿ ಕಣ್ಣಿಗೆ ಕಟ್ಟಿತು, ಎಲ್ಲರಿಗೂ ವಂದನೆ. ಕೊನೆಯದೊಂದು: ಟ್ಯಾಂಕ್ ಹಾಕಿದ ಕೂಡಲೇ ಬ್ಯಾರೆಲ್‌ನಿಂದ ಬುಸ್ ಎಂದು ಗ್ಯಾಸ್ ಹೋಗುತ್ತದೆ. ವಾಲ್ವ್ ಕೆಟ್ಟಿದೆಯೇ? ಬಿಚ್ಚುವಾಗ ಏನು ಜಾಗ್ರತೆ ಬೇಕು?

ಸಿಯರ್‌ಪಿನ್:

ಕೆಟ್ಟಿದೆ ಎನ್ನುವ ಮೊದಲು ಕಾಕ್ ಮಾಡಿ ಟ್ಯಾಂಕ್ ಹಾಕಿ ನೋಡಿ. ಕಾಕ್ ಮಾಡದಿದ್ದರೆ ಸ್ಪ್ರಿಂಗ್ ಹ್ಯಾಮರನ್ನು ವಾಲ್ವಿನ ಪಿನ್ನಿಗೆ ಒತ್ತಿಯೇ ಇಟ್ಟಿರುತ್ತದೆ, ಬಾಗಿಲು ತುಸು ತೆರೆದೇ ಇರುತ್ತದೆ, ಗ್ಯಾಸ್ ನೇರ ಹೊರಗೆ. ಕಾಕ್ ಮಾಡಿದ ಮೇಲೂ ಸೋರಿದರೆ ವಾಲ್ವಿನ ಕಪ್ ಸೀಲಿನಲ್ಲಿ ಕಸ ಕೂತಿದೆ ಅಥವಾ ಗೀರು ಬಿದ್ದಿದೆ. ಟ್ಯಾಂಕ್ ಕೂಡುವಲ್ಲಿ ಸೋರಿದರೆ ಟ್ಯಾಂಕಿನ ಮೂತಿಯ ಒ-ರಿಂಗ್, ಅಳತೆ 015. ಯುರೆಥೇನ್‌ನದನ್ನೇ ಹಾಕಿ, ಕಪ್ಪು ರಬ್ಬರಿನದು ಸಿಒ2ಗೆ ಬೇಗ ಉಬ್ಬಿ ಹರಿಯುತ್ತದೆ. ಸ್ಪೂಲ್‌ನಲ್ಲಿ ಬ್ಯಾರೆಲ್‌ನಿಂದ ಸೋರಿದರೆ ಬೋಲ್ಟಿನ ಒ-ರಿಂಗ್, ಹಿಡಿಕೆಯೊಳಗಿಂದ ಸೋರಿದರೆ ಸೊಲೆನಾಯ್ಡ್ ಕಡೆ ನೋಡಿ.

ಬಿಚ್ಚುವಾಗ ಮಾಸ್ಕ್ ತೆಗೆಯಬೇಡಿ, ಪಕ್ಕದಲ್ಲಿರುವವರಿಗೂ ಇರಲಿ. ಮೊದಲು ಹಾಪರ್, ಆಮೇಲೆ ಟ್ಯಾಂಕ್, ಕೊನೆಗೆ ಸುರಕ್ಷಿತ ದಿಕ್ಕಿಗೆ ಮೂತಿ ಮಾಡಿ ಸದ್ದು ನಿಲ್ಲುವತನಕ ಖಾಲಿ ಹಾರಿಸಿ. ಟ್ಯಾಂಕ್ ತೆಗೆದರೂ ಒಳಗೆ ಒಂದೆರಡು ಶಾಟಿನ ಗಾಳಿ ಉಳಿದಿರುತ್ತದೆ, ಅಷ್ಟೇ ಸಾಕು ಕಣ್ಣು ಕಳೆಯಲು. ಗಾಳಿ ಸಿಲಿಂಡರಿನ ತುಂಬುವ ಮೂತಿಗೆ ಎಣ್ಣೆ, ಗ್ರೀಸ್ ಎಂದೂ ಹಚ್ಚಬೇಡಿ. ತುಂಬುವಾಗ ಒತ್ತಡ ಒಮ್ಮೆಲೇ ಏರಿ ಬಿಸಿಯಾದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳಬಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು ಸಿಒ2 ಟ್ಯಾಂಕಿನ ತಲೆಯ ಹಿತ್ತಾಳೆ ವಾಲ್ವ್. ಟ್ಯಾಂಕನ್ನು ಮಾರ್ಕರ್‌ನಿಂದ ತಿರುಗಿಸಿ ಬಿಚ್ಚುವಾಗ, ವಾಲ್ವ್ ಮಾರ್ಕರ್‌ನಲ್ಲೇ ಉಳಿದು ಟ್ಯಾಂಕ್ ಮಾತ್ರ ವಾಲ್ವಿನಿಂದ ಕಳಚಿಕೊಳ್ಳುತ್ತ ಬರುವ ಸಾಧ್ಯತೆ ಇದೆ. ಪೂರ್ತಿ ಕಳಚಿದರೆ ಟ್ಯಾಂಕ್ ರಾಕೆಟ್ಟಿನಂತೆ ಹಾರುತ್ತದೆ, ಇದರಿಂದ ಸಾವುಗಳಾಗಿವೆ. ವಾಲ್ವಿನಿಂದ ಟ್ಯಾಂಕಿನ ಕುತ್ತಿಗೆಗೆ ಅಡ್ಡವಾಗಿ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿಡಿ. ಬಿಚ್ಚುವಾಗ ಗೆರೆಯ ಎರಡು ತುಂಡುಗಳು ಒಂದಕ್ಕೊಂದು ಸರಿದರೆ ತಿರುಗಿಸುವುದನ್ನು ಅಲ್ಲೇ ನಿಲ್ಲಿಸಿ, ಬಲ್ಲ ತಂತ್ರಜ್ಞರ ಕೈಗೆ ಕೊಡಿ.